ಮೈಮುನಾಬಿಯ ಫೈರ್‌ವಾಲ್

ಮಸ್ಕಿಯ ಹಳೆ ಬಜಾರಿನ ಹಿಂದಿನ ಓಣಿಗೆ ಬಂದು "ಪತ್ರ ಬರಿಯೋ ಮೈಮುನಾಬಿ ಮನಿ ಯಾವ್ದ್ರಿ" ಎಂದು ಕೇಳಿದರೆ ಯಾರಾದರೂ ಕೈಮಾಡಿ ತೋರಿಸುತ್ತಿದ್ದರು. ನೀಲಿ ಬಾಗಿಲು, ಎದುರಿಗೊಂದು ಕಲ್ಲುಕಟ್ಟೆ, ಗೋಡೆಗೆ ಎಸ್.ಟಿ.ಡಿ. ಬೋರ್ಡು. ಆದರೆ 1999ರ ಬೇಸಿಗೆಯಲ್ಲಿ ಆ ಮನೆ ಕೇಳಿಕೊಂಡು ಬರುವವರು ಕಡಿಮೆಯಾದರು. ಗುರುತಿನ ಹೆಂಗಸರೇ ಆಚೆ ಓಣಿಯಿಂದ ಸುತ್ತಿ ಹೋಗತೊಡಗಿದರು. ಅದು ಯಾಕೆ ಹಾಗಾಯಿತು, ಆಕೆ ಏನು ಮಾಡಿದಳು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಮೈಮುನಾಬಿ ಮುದಗಲ್ಲಿನವಳು. ಕೋಟೆ ಬಾಗಿಲ ಹತ್ತಿರ ಅವಳಪ್ಪನ ಹೊಲಿಗೆ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಮಸ್ಕಿಯ ಮೌಲಾಸಾಬನ ಜೊತೆ ನಿಕಾಹ್ ಆಯಿತು. ಮೌಲಾಸಾಬ ಲಾರಿ ಡ್ರೈವರ್. 1983ರಲ್ಲಿ ಸೌದಿಗೆ ಹೋದ. ಅಲ್ಲಿ ನೀರಿನ ಟ್ಯಾಂಕರ್ ಓಡಿಸುವ ಕೆಲಸ. ಅವನ ಮೊದಲ ಪತ್ರ ಬಂದಾಗ ಅತ್ತೆ ಅಂಗಳದಲ್ಲಿ ಚಾಪೆ ಹಾಸಿ, ನೆಂಟರನ್ನೆಲ್ಲ ಕೂಡಿಸಿ, "ಓದವ್ವ, ಎಲ್ಲಾರಿಗೂ ಕೇಳಂಗ ಓದು" ಎಂದಳು. ಪತ್ರದ ನಡುವೆ ಹೆಂಡತಿಗೆಂದೇ ಬರೆದ ಸಾಲುಗಳಿದ್ದವು. ಮೈಮುನಾಬಿ ತಡವರಿಸಲಿಲ್ಲ. ಆ ಜಾಗಕ್ಕೆ ಬಂದಾಗ "ಇಲ್ಲಿ ಬಿಸಲು ಭಾಳ ಐತಿ, ಊಟಕ್ಕೇನೂ ತೊಂದ್ರಿ ಇಲ್ಲ" ಎಂದು ತಾನೇ ಕಟ್ಟಿ ಓದಿ ಮುಂದೆ ಹೋದಳು. ಅತ್ತೆಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯ ಚಾಂದ್‌ಬೀಗೆ ಮಾತ್ರ ಗೊತ್ತಾಯಿತು. ಅವಳು ಓದುವವಳ ಕಣ್ಣು ನೋಡುತ್ತ ಕೂತಿದ್ದಳು.

ಮರುದಿನ ಚಾಂದ್‌ಬೀ ತನ್ನ ಗಂಡನ ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಅವಳ ಗಂಡನೂ ಸೌದಿಯಲ್ಲೇ ಇದ್ದ. "ನನಗೊಬ್ಬಾಕಿಗೇ ಓದು" ಎಂದಳು. ಹಾಗೆ ಶುರುವಾಯಿತು. ಆಮೇಲೆ ಸುತ್ತಲಿನ ಹಳ್ಳಿಗಳಿಂದಲೂ ಬರತೊಡಗಿದರು. ಗಂಡ ಮಸ್ಕತ್ತಿಗೆ ಹೋದವರು, ಮಗ ಮುಂಬಯಿಯಲ್ಲಿ ಇದ್ದವರು. ಮೌಲಾಸಾಬ ರಜೆಗೆ ಬಂದಾಗ ಒಂದು ಟೇಪ್ ರೆಕಾರ್ಡರ್ ತಂದ. ಅಲ್ಲಿಂದ ಮುಂದೆ ಓದು ಬರಹ ಬಾರದ ಹೆಂಗಸರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುವುದು ರೂಢಿಯಾಯಿತು. ಮೈಮುನಾಬಿ ಗುಂಡಿ ಒತ್ತಿ, ಬಾಗಿಲು ಮುಂದೆ ಮಾಡಿ, ಹೊರಗೆ ಕಟ್ಟೆ ಮೇಲೆ ಹೋಗಿ ಕೂರುತ್ತಿದ್ದಳು. ಒಳಗಿನವರು ಅತ್ತರೂ ನಕ್ಕರೂ ಅವಳಿಗೆ ಬೇಕಿರಲಿಲ್ಲ. ಅವಳ ಮೇಲೆ ಊರ ಹೆಂಗಸರಿಗೆ ಇದ್ದ ನಂಬಿಕೆ ಹೀಗೆ ಬೆಳೆದದ್ದು.

1990ರಲ್ಲಿ ಮೌಲಾಸಾಬ ಅಲ್ಲೇ ಟ್ಯಾಂಕರ್ ಉರುಳಿ ತೀರಿಕೊಂಡ. ಮಣ್ಣೂ ಅಲ್ಲೇ ಆಯಿತು. ಸಿಂಧನೂರಿನಲ್ಲಿದ್ದ ಅಕ್ಕ ಹುಸೇನ್‌ಬೀ ಬಂದು ತಂಗಿಯನ್ನು ಕರೆದುಕೊಂಡು ಹೋಗಿ ಎರಡು ವರ್ಷ ತನ್ನ ಮನೆಯಲ್ಲಿಟ್ಟುಕೊಂಡಳು. ಅಕ್ಕನಿಗೆ ಒಬ್ಬನೇ ಮಗ, ಜಿಲಾನಿ. ಆಗಿನ್ನೂ ಹೈಸ್ಕೂಲು. ಚಿಕ್ಕಮ್ಮನನ್ನು ಖಾಲಾ ಖಾಲಾ ಎನ್ನುತ್ತ ಅವಳ ಹಿಂದೆಯೇ ತಿರುಗುತ್ತಿದ್ದ. ಮಸ್ಕಿಗೆ ಹಿಂದಿರುಗಿ ಎಸ್.ಟಿ.ಡಿ. ಬೂತು ಹಾಕಿದಾಗ ಬೋರ್ಡು ಹೊತ್ತು ತಂದವನೂ ಅವನೇ.

ಈ ಜಿಲಾನಿ ಮುಂದೆ ಸಿಂಧನೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವವನಾದ. 1998ರ ಕೊನೆಗೆ ಖಾಲಾನಿಂದ ಒಂದು ಕಂಪ್ಯೂಟರು ಕೊಳ್ಳಿಸಿದ. "ಇನ್ನ ಪತ್ರ, ಕ್ಯಾಸೆಟ್ಟು ಎಲ್ಲಾ ಬಿಡು. ಇದರಾಗ ಬರದ್ರ ಅವತ್ತೇ ಮುಟ್ಟತೈತಿ" ಎಂದ. ಫೋನ್ ಲೈನಿನ ಮೂಲಕ ಇಂಟರ್‌ನೆಟ್ ಹತ್ತಬೇಕು. ಮಷೀನು ಕೀಚಲು ಸದ್ದು ಮಾಡಿ ಲೈನು ಹಿಡಿಯುತ್ತಿತ್ತು. ಮೈಮುನಾಬಿ ನಲವತ್ತರ ಹತ್ತಿರದಲ್ಲಿದ್ದಳು. ಮೂರು ತಿಂಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪು ಮಾಡುವುದನ್ನು ಕಲಿತಳು. ಹೆಂಗಸರು ಪಕ್ಕದಲ್ಲಿ ಕೂತು ಹೇಳುವರು, ಈಕೆ ಬರೆಯುವಳು. ಹೊರಗೆ ಹೋಗಿ ಕೂರುವಂತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬಾಯಿಗೆ ತರದಿದ್ದರಾಯಿತು ಎಂದುಕೊಂಡಳು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಗದ್ದೆಮ್ಮ ಬಂದು ಬಾಗಿಲಲ್ಲೇ ನಿಂತಳು. ಮಸ್ಕಿಯ ಹೊರಗಿನ ಹಟ್ಟಿಯಲ್ಲಿ ಅವಳ ಅತ್ತೆಮನೆ. ಗಂಡ ಮಾಳಿಂಗಪ್ಪ ಮಸ್ಕತ್ತಿನಲ್ಲಿ ರಸ್ತೆ ಕೆಲಸಕ್ಕಿದ್ದ. ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು, ಕಣ್ಣು ಬಾತಿದ್ದವು.

"ಒಳಗ ಬಾ ಗದ್ದೆಮ್ಮ" ಎಂದಳು ಮೈಮುನಾಬಿ.

"ಒಳಗ ಬರಂಗಿಲ್ಲ. ಒಂದು ಮಾತು ಕೇಳಿ ಹೋಗ್ತೀನಿ. ನಾ ಆಪರೇಷನ್ ಮಾಡಿಸ್ಕೊಂಡಿದ್ದು ಯಾರ್ಯಾರಿಗೆ ಗೊತ್ತಿತ್ತು?"

ಎರಡು ಹೆಣ್ಣು ಮಕ್ಕಳಾದ ಮೇಲೆ ಗದ್ದೆಮ್ಮ ತವರಿಗೆ ಹೋಗುವ ನೆಪ ಮಾಡಿ, ಅತ್ತೆಗೆ ಹೇಳದೆ, ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಳು. ಅದನ್ನು ಗಂಡನಿಗೆ ತಿಳಿಸಿದ್ದು ಇದೇ ಮಷೀನಿನಿಂದ, ಮೈಮುನಾಬಿಯ ಬೆರಳಿನಿಂದ.

"ನನಗ, ನಿನಗ, ನಿನ್ನ ಗಂಡಗ" ಎಂದಳು ಮೈಮುನಾಬಿ.

"ಹಂಗಾದ್ರ ಸಿಂಧನೂರು ಬಸ್‌ಸ್ಟ್ಯಾಂಡಿನ ಚಾದಂಗಡಿಯಾಗ ಆ ಮಾತು ಹ್ಯಾಂಗ ಬಂತು? ನಮ್ಮ ಹಟ್ಟಿ ಹುಡುಗೊಬ್ಬ ಕೇಳಿ ಬಂದಾನ. ನಾ ಬರಸಿದ ಮಾತು, ಬರಸಿದಂಗ. 'ನಿಮ್ಮವ್ವಗ ಮೊಮ್ಮಗ ಬೇಕು, ನನಗ ಜೀವ ಬೇಕು' ಅಂತ. ನಮ್ಮತ್ತಿ ನನ್ನ ಅರಿವಿ ಹೊರಗ ಒಗದಾಳ."

ಆ ಸಾಲನ್ನು ತಾನೇ ಟೈಪು ಮಾಡಿದ್ದು ಮೈಮುನಾಬಿಯ ಕಣ್ಣಿಗೆ ಕಟ್ಟಿತು.

"ನೀ ಹೇಳಿಲ್ಲ ಅಂತೀಯೇನು ಮೈಮುನಕ್ಕ?"

"ಇಲ್ಲ."

"ಮತ್ತ ಗ್ವಾಡಿ ಹೇಳ್ತೇನು?" ಗದ್ದೆಮ್ಮ ಗಂಟು ಕಂಕುಳಿಗೆ ಏರಿಸಿ, ಕಟ್ಟೆಯ ಮೇಲೆ ಕೂಡಿಸಿದ್ದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ಸಿಗೆ ನಡೆದಳು. ಅಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಅವಳ ತವರು.

ಆ ವಾರವೇ ಇನ್ನೊಂದು ನಡೆಯಿತು. ಮೈಮುನಾಬಿ ಲೈನು ಹಿಡಿದು ಚಾಂದ್‌ಬೀಗಾಗಿ ಬರೆಯುತ್ತಿದ್ದಳು. ಟೈಪು ಮಾಡುತ್ತಿದ್ದಂತೆಯೇ ಪರದೆಯ ನಡುವೆ ಒಂದು ಸಣ್ಣ ಚೌಕ ಎದ್ದು ಬಂತು. ಅದರಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಬರಿ, ಬರಿ. ನಾ ಓದಾಕತ್ತೀನಿ."

ಪಕ್ಕದಲ್ಲಿದ್ದ ಚಾಂದ್‌ಬೀ, "ಏನ್ ಬಂತು? ನಮ್ಮವರದೇನು?" ಎಂದಳು.

"ಅಲ್ಲ" ಎಂದು ಮೈಮುನಾಬಿ ಫೋನಿನ ವಯರು ಎಳೆದುಬಿಟ್ಟಳು. ತನ್ನ ಮನೆಯೊಳಗೆ ಯಾರೋ ನಿಂತಿದ್ದಾರೆ, ಎಲ್ಲಿ ಎಂದು ಕಾಣುತ್ತಿಲ್ಲ, ಹಾಗಿತ್ತು. ಚಾಂದ್‌ಬೀ ಹೋದ ಮೇಲೆ ಮಂಚದ ಕೆಳಗೂ ಒಮ್ಮೆ ನೋಡಿದಳು. ನೋಡಿ ತನಗೇ ನಾಚಿಕೆಯಾಯಿತು.

ಅವಳು ಕರೆದದ್ದು ಜಿಲಾನಿಯನ್ನೇ. ಅವನು ಸಿಂಧನೂರಿನಿಂದ ಬಂದು, ಮಷೀನು ಬಿಚ್ಚಿ, "ವೈರಸ್ ಬಂದೈತಿ ಖಾಲಾ" ಎಂದು ಎಲ್ಲವನ್ನೂ ಅಳಿಸಿ, ತನ್ನ ಸಿ.ಡಿ.ಯಿಂದ ಹೊಸದಾಗಿ ಹಾಕಿಕೊಟ್ಟ. ಖಾಲಾನ ಕೈಯ ಊಟ ಮಾಡಿ ಸಂಜೆ ಬಸ್ಸಿಗೆ ಹೋದ. ನಾಲ್ಕು ದಿನ ಮಷೀನು ಸುಮ್ಮನಿತ್ತು. ಐದನೆಯ ದಿನ ಸಿ.ಡಿ. ಇಡುವ ತಟ್ಟೆ ತಾನಾಗಿ ಹೊರಗೆ ಬಂತು, ಒಳಗೆ ಹೋಯಿತು. ಆಮೇಲೆ ಆ ಚೌಕ: "ಯಾಕ ನಿಲ್ಲಿಸಿದಿ?"

ಬಂದ್ ಮಾಡಿಡೋಣವೆಂದರೆ ಆಗುವಂತಿರಲಿಲ್ಲ. ಚಾಂದ್‌ಬೀಯ ಗಂಡ ಸೌದಿಯ ದಮ್ಮಾಮಿನಲ್ಲಿ ಆಸ್ಪತ್ರೆ ಸೇರಿದ್ದ. ಮೂತ್ರಪಿಂಡದ ಕಾಯಿಲೆ. ಅವನ ಜೊತೆಗಿದ್ದ ಅಳಿಯ ದಿನಾ ಸಂಜೆ ಇ-ಮೇಲ್ ಹಾಕುತ್ತಿದ್ದ. ಚಾಂದ್‌ಬೀ ದಿನಾ ಬಂದು ಆ ಕುರ್ಚಿಯ ಪಕ್ಕ ಕೂತು, "ಇವತ್ತು ಹ್ಯಾಂಗದಾರಂತ?" ಎಂದು ಕೇಳುತ್ತಿದ್ದಳು. ಸೌದಿಗೆ ಫೋನು ಮಾಡುವಷ್ಟು ದುಡ್ಡಿಲ್ಲ, ಲೈನು ಹಿಡಿಯದಿದ್ದರೆ ಅವಳಿಗೆ ಸುದ್ದಿಯಿಲ್ಲ. ಹಿಡಿದರೆ ಆ ಕಾಣದವನು ಓದುತ್ತಾನೆ. ಮೈಮುನಾಬಿ ದಿನಾ ಲೈನು ಹಿಡಿದಳು, ಬಂದದ್ದನ್ನು ಓದಿ ಹೇಳಿ, ಉತ್ತರ ಎರಡೇ ಸಾಲು ಬರೆದು, ವಯರು ಎಳೆದಳು.

ಕೊನೆಗೆ ಅವಳು ಯಮನಮ್ಮನಿಗೆ ಹೇಳಿದಳು. ಯಮನಮ್ಮ ಲಿಂಗಸುಗೂರಿನವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಟೆಲಿಫೋನ್ ಇಲಾಖೆಯಲ್ಲಿ ಕೆಲಸದಲ್ಲಿದ್ದಳು. ಬೂತಿನ ಲೈನು ಕೆಟ್ಟಾಗ ಬಂದು ಪರಿಚಯವಾಗಿ, ಗೆಳತಿಯಾಗಿದ್ದಳು; ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕಂಪ್ಯೂಟರ್ ಪತ್ರಿಕೆಗಳ ದೊಡ್ಡ ಅಟ್ಟಿಯೇ ಇತ್ತು. ಗಂಡ ನರಸಣ್ಣ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವ. ಅವನು ಮಲಗಿರುವ ಹೊತ್ತಿನಲ್ಲಿ ಇವಳು ಓದುತ್ತಿದ್ದಳು.

ಭಾನುವಾರ ಬಂದ ಯಮನಮ್ಮ ಬಹಳ ಹೊತ್ತು ಮಷೀನಿನೊಳಗೆ ತಡಕಾಡಿದಳು. ಆಮೇಲೆ, "ಆಪಾ, ಇದು ವೈರಸ್ ಅಲ್ಲ. ಯಾರೋ ಇದರೊಳಗ ಒಂದು ಕಳ್ಳ ಪ್ರೋಗ್ರಾಮ್ ಇಟ್ಟಾರ. ನೀವು ಲೈನು ಹಿಡಿದ ಕೂಡ್ಲೇ ಅದು ಒಳಗಿಂದ ಚಿಲಕ ತಗೀತೈತಿ. ಅವ ಎಲ್ಲೋ ಕೂತು ಒಳಗ ಬರ್ತಾನ" ಎಂದಳು.

"ಯಾರು?"

"ಅದು ಹೇಳಾಕ ಬರಂಗಿಲ್ಲ."

"ಅಳಿಸಿ ಹೊಸದು ಹಾಕಿದ್ನಲ್ಲ ನಮ್ಮ ಹುಡುಗ."

"ಯಾರ ಸಿ.ಡಿ.ಯಿಂದ?" ಎಂದಳು ಯಮನಮ್ಮ. ಅವನದೇ ಎಂದ ಮೈಮುನಾಬಿ ಆ ಮಾತನ್ನು ಮುಂದುವರಿಸಲಿಲ್ಲ.

ಮಷೀನು ತೊಳೆದು ಹೊಸದಾಗಿ ಹಾಕಲು ಯಮನಮ್ಮನ ಹತ್ತಿರ ಬೇರೆ ಸಿ.ಡಿ. ಇರಲಿಲ್ಲ, ತರಿಸಬೇಕೆಂದರೆ ಹೈದರಾಬಾದಿಗೇ ಹೇಳಿಕಳಿಸಬೇಕು. ಅಲ್ಲಿಯತನಕ ಒಂದು ಉಪಾಯವಿದೆ ಎಂದಳು. ಫೋನ್ ಲೈನು ನೇರ ಈ ಮಷೀನಿಗೆ ಬರಬಾರದು. ನಡುವೆ ಇನ್ನೊಂದು ಮಷೀನು ಕಾವಲಿಗೆ ನಿಲ್ಲಬೇಕು. ಒಳಗಿನವರು ಕೇಳಿದ್ದನ್ನು ಮಾತ್ರ ಅದು ಒಳಗೆ ಬಿಡುತ್ತದೆ, ಹೊರಗಿನಿಂದ ಯಾರು ಬಾಗಿಲು ಬಡಿದರೂ ತೆಗೆಯುವುದಿಲ್ಲ. ಫೈರ್‌ವಾಲ್ ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಇರುತ್ತದೆ. ಮನೆಯಲ್ಲಿ ಇಡಬಾರದು ಅಂತೇನಿಲ್ಲ.

ಕಾವಲಿಗೆ ಒಂದು ಹಳೆ 486 ಮಷೀನು ರಾಯಚೂರಿನ ಗುಜರಿಯಲ್ಲಿ ಸಿಕ್ಕಿತು. ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ, ಮಷೀನು ನಡೆಸುವ ಲಿನಕ್ಸ್ ಎಂಬ ಪ್ರೋಗ್ರಾಮು ಇತ್ತು. ಒಂದೇ ಫ್ಲಾಪಿಯಲ್ಲಿ ಕೂರುವಷ್ಟು ಸಣ್ಣದನ್ನು ಯಮನಮ್ಮ ತಯಾರು ಮಾಡಿದಳು. ಫೋನ್ ಲೈನಿಗೆ ಹಚ್ಚುವ ಮೋಡೆಮ್ಮು ಅವಳದೇ ಇತ್ತು. ಇನ್ನು ಬೇಕಾದದ್ದು ಎರಡು ಮಷೀನುಗಳನ್ನು ಕೂಡಿಸುವ ನೆಟ್‌ವರ್ಕ್ ಅಡಾಪ್ಟರು, ಆಚೆಗೊಂದು ಈಚೆಗೊಂದು. ಅದಕ್ಕೆ ಮೈಮುನಾಬಿ, ಮಷೀನಿನಲ್ಲಿ ಬರೆದರೆ ಅವನು ಓದುತ್ತಾನೆಂದು, ದಮ್ಮಾಮಿಗೆ ಹೊರಟವರೊಬ್ಬರ ಕೈಯಲ್ಲಿ ಚೀಟಿ ಕಳಿಸಿದಳು. ಚಾಂದ್‌ಬೀಯ ಅಳಿಯ, ರಜೆಗೆ ಮುದಗಲ್ಲಿಗೆ ಬರುವವರ ಕೈಯಲ್ಲಿ ಎರಡು ಕಳಿಸಿದ.

ಪೊಟ್ಟಣ ಬಿಚ್ಚಿದಾಗ ಯಮನಮ್ಮ ಒಳಗಿನದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗೈಯಗಲದ ಎರಡು ಹೊಚ್ಚ ಹೊಸ ಡಬ್ಬಿಗಳು, ತುದಿಗೆ ಚಪ್ಪಟೆ ಮೂತಿಯ ವಯರು.

"ಯಾಕ? ಕೆಟ್ಟಾವೇನು?"

"ಕೆಟ್ಟಿಲ್ಲ ಆಪಾ. ಅಂಗಡಿಯವ ಹೊಸಾದ್ರಾಗ ಹೊಸಾದು ಕೊಟ್ಟಾನ. ಯು.ಎಸ್.ಬಿ. ಅಂತಾರ. ನಮ್ಮ ಹಳೆ ಮಷೀನಿಗೆ ಈ ತೂತೇ ಇಲ್ಲ."

ಮೈಮುನಾಬಿಯ ಹೊಸ ಮಷೀನಿನ ಹಿಂದೆ ಅಂಥ ತೂತು ಎರಡಿದ್ದವು. ಅಲ್ಲಿ ಒಂದು ಡಬ್ಬಿ ಹಾಕಿ ಅದರ ಜೊತೆ ಬಂದ ಸಿ.ಡಿ. ಕೊಟ್ಟರೆ ದೀಪ ಹತ್ತಿತು. ಒಂದು ತುದಿ ಆಯಿತು. ಇನ್ನೊಂದು ತುದಿಗೆ? ಕಾವಲಿಗೆ ಬೇರೆ ಮಷೀನು ತಂದರೂ ಈ ಡಬ್ಬಿ ನಡೆದೀತೇ ಎಂದು ಯಮನಮ್ಮ ಹೊಸ ಮಷೀನಿನಲ್ಲೇ ಪರೀಕ್ಷೆ ಮಾಡಿದಳು. ಅದಕ್ಕೆ ಕಾವಲಿನ ಫ್ಲಾಪಿ ಹಾಕಿದರೆ, ಆ ಲಿನಕ್ಸು ಡಬ್ಬಿಯ ಗುರುತನ್ನೇ ಹಿಡಿಯಲಿಲ್ಲ. ಒಳಗಿನ ಚಿಪ್‌ನ ಹೆಸರು ಅದಕ್ಕೆ ಗೊತ್ತಿರಲಿಲ್ಲ. ಅದು ತಯಾರಾದ ಕಾಲಕ್ಕೆ ಇಂಥ ಡಬ್ಬಿಗಳು ಬಜಾರಿಗೇ ಬಂದಿರಲಿಲ್ಲ. ಸಂಜೆಯವರೆಗೆ ಕೂತರೂ ಪರದೆಯ ಮೇಲೆ ಅದೇ ಒಂದು ಸಾಲು ಬರುತ್ತಿತ್ತು: ಇಂಥ ಸಾಧನವಿಲ್ಲ.

ಆ ಹೊತ್ತಿಗೆ ಚಾಂದ್‌ಬೀ ಬಂದಳು. ಮಷೀನಿನ ಹೊಟ್ಟೆ ಬಿಚ್ಚಿ ಬಿದ್ದಿತ್ತು.

"ಇವತ್ತಿನ ಸುದ್ದಿ?" ಎಂದಳು.

"ಇವತ್ತು ಆಗಂಗಿಲ್ಲ ಚಾಂದ್‌ಬೀ."

"ನಿನ್ನೆ 'ನಾಳೆ ಡಾಕ್ಟರು ಹೇಳ್ತಾರ' ಅಂತ ಬರದಿದ್ರಲ್ಲ. ನಾ ಇಡೀ ದಿನ ಕಾದೀನಿ."

ಮೈಮುನಾಬಿ ಎದ್ದು ಎಲ್ಲವನ್ನೂ ಮೊದಲಿನಂತೆ ಜೋಡಿಸಲು ಹೇಳಿ, ಕಾವಲಿಲ್ಲದೆಯೇ ಲೈನು ಹಿಡಿದಳು. ಎಡಗಡೆಯ ಮೂತ್ರಪಿಂಡ ತೆಗೆಯಬೇಕಂತೆ, ಮನೆಯವರ ಒಪ್ಪಿಗೆ ಬೇಕಂತೆ ಎಂದು ಬಂದಿತ್ತು. ಚಾಂದ್‌ಬೀ ಗೋಡೆ ಹಿಡಿದು ಕೂತಳು. ಉತ್ತರ ಬರೆಯಲು ಶುರುಮಾಡಿದಾಗ ಚೌಕ ಎದ್ದಿತು: "ಪಾಪ." ಅಷ್ಟೇ. ಯಮನಮ್ಮ ಅದನ್ನು ಮೊದಲ ಸಲ ತನ್ನ ಕಣ್ಣಾರೆ ನೋಡಿದ್ದು ಆಗ. "ಮುಂದಿನ ಐತವಾರದ ತನಕ ಕಾಯಂಗಿಲ್ಲ, ಈ ವಾರನ ಬರ್ತೀನಿ" ಎಂದು ಹೋದಳು.

ಹಳೆ ಮಷೀನಿಗೆ ಒಪ್ಪುವ ಹಳೆ ಕಾರ್ಡೇ ಬೇಕು. ಮೊದಲು ಸಿಕ್ಕ ಕಾರ್ಡಿಗೆ ಟಿ.ವಿ. ಕೇಬಲ್ಲಿನಂಥ ದುಂಡು ಮೂತಿ. ದಮ್ಮಾಮಿನ ಡಬ್ಬಿಗೆ ಚೌಕ ಮೂತಿ. ಎರಡಕ್ಕೂ ಸಂಬಂಧವಿಲ್ಲ. ಯಮನಮ್ಮ ರಜೆ ಹಾಕಿ ರಾಯಚೂರಿಗೆ ಇನ್ನೊಮ್ಮೆ ಹೋಗಿ, ಎರಡೂ ಮೂತಿ ಇರುವ ಒಂದು ಕಾರ್ಡು ಹುಡುಕಿ ತಂದಳು. ಅದನ್ನು ಸಿಕ್ಕಿಸಿದರೆ ಕಾರ್ಡು ಎದ್ದಿತು, ಮೋಡೆಮ್ಮು ಮಲಗಿತು. ಮೋಡೆಮ್ಮು ಎಬ್ಬಿಸಿದರೆ ಕಾರ್ಡು ಮಲಗಿತು. ಯಾಕೆಂದು ತಿಳಿಯಲು ಒಂದು ಇಡೀ ದಿನ ಹೋಯಿತು. ಮಷೀನು ಎರಡಕ್ಕೂ ಒಂದೇ ನಂಬರು ಕೊಟ್ಟಿತ್ತು. ಕರೆದಾಗ ಎರಡೂ ಓಗೊಟ್ಟು ಗೊಂದಲವಾಗುತ್ತಿತ್ತು. ಕಾರ್ಡಿನ ಮೇಲಿನ ಸಣ್ಣ ಕರಿ ಟೋಪಿಯೊಂದನ್ನು ಪಕ್ಕದ ಸೂಜಿಗೆ ಸರಿಸಬೇಕಿತ್ತು. ಯಮನಮ್ಮನ ಕಣ್ಣು ದಣಿದಿದ್ದವು. ಹೊಲಿಗೆಯವನ ಮಗಳಾದ ಮೈಮುನಾಬಿ ಸೂಜಿಯ ತುದಿಯಿಂದ ಅದನ್ನು ಎತ್ತಿ ಕೂರಿಸಿದಳು.

ಈಗ ಎರಡೂ ಎಚ್ಚರವಾಗಿದ್ದವು. ಆದರೆ ನಡುವಿನ ಕೇಬಲ್ಲು ಹಾಕಿದರೆ ದೀಪ ಹತ್ತಲಿಲ್ಲ. ತೆಗೆದು ಹಾಕಿದರು. ಹತ್ತಲಿಲ್ಲ. ಕರೆಂಟು ಹೋಯಿತು, ಎರಡು ತಾಸಿಗೆ ಬಂತು. ಆ ಎರಡು ತಾಸು ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಓಣಿಯಲ್ಲಿ ಹೋಗುವ ಹೆಂಗಸರು ಇವರ ಕಡೆ ನೋಡಿ ಮುಖ ತಿರುಗಿಸುತ್ತಿದ್ದರು.

"ಟೆಲಿಫೋನಿನ್ಯಾಗ ಇರಾಕಿ ನಾ, ನನಗ ಮೊದಲ ಹೊಳೀಬೇಕಿತ್ತು" ಎಂದಳು ಯಮನಮ್ಮ ಇದ್ದಕ್ಕಿದ್ದಂತೆ. "ಇವನ ಬಾಯಿ ಅವನ ಬಾಯಿಗೆ ಜೋಡಿಸೀವಿ. ಕಿವಿಗೆ ಕಿವಿ. ಇಬ್ಬರೂ ಮಾತಾಡಾಕತ್ತಾರ, ಯಾರೂ ಕೇಳಾಕತ್ತಿಲ್ಲ." ಒಳಗೆ ಹೋಗಿ ಕೇಬಲ್ಲಿನ ಒಂದು ತುದಿ ಕತ್ತರಿಸಿ, ಒಳಗಿನ ಎಳೆಗಳನ್ನು ಅಡ್ಡ ದಾಟಿಸಿ ಮತ್ತೆ ಕಟ್ಟಿದಳು. ಕರೆಂಟು ಬಂದಾಗ ಎರಡೂ ಕಡೆ ಹಸಿರು ದೀಪ ಹತ್ತಿದವು.

ಮರುದಿನ ಸಂಜೆ, ಕಾವಲು ನಿಂತ ಮೇಲೆ ಮೊದಲ ಸಲ ಲೈನು ಹಿಡಿದರು. ಚಾಂದ್‌ಬೀ ಒಪ್ಪಿಗೆಯ ಮಾತು ಹೇಳುತ್ತಿದ್ದಳು, ಮೈಮುನಾಬಿ ಬರೆಯುತ್ತಿದ್ದಳು. ಯಮನಮ್ಮ ಮಾತ್ರ ಹಳೆ ಮಷೀನಿನ ಕಪ್ಪು ಪರದೆ ನೋಡುತ್ತ ಕೂತಿದ್ದಳು. ಹೊರಗಿನಿಂದ ಯಾರಾದರೂ ಒಳಗೆ ಬರಲು ನೋಡಿದರೆ ಅದು ತಡೆದು, ಒಂದು ಸಾಲು ಬರೆಯುವಂತೆ ಅವಳು ಮಾಡಿದ್ದಳು. ಸ್ವಲ್ಪ ಹೊತ್ತು ಪರದೆ ಖಾಲಿ ಇತ್ತು. ಆಮೇಲೆ ಒಂದು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಆಮೇಲೆ ಒಂದರ ಹಿಂದೊಂದು.

"ಆಪಾ" ಎಂದಳು ಮೆತ್ತಗೆ. "ಬಡಿಯಾಕತ್ತಾನ."

ಮೈಮುನಾಬಿಯ ಬೆರಳು ನಿಂತವು. ಚೌಕ ಏಳಲಿಲ್ಲ. ಮೂವರೂ ಆ ಕಪ್ಪು ಪರದೆ ನೋಡಿದರು. ಸಾಲುಗಳು ಏರುತ್ತಲೇ ಇದ್ದವು. ಸಿಟ್ಟು ಬಂದವನು ಬಾಗಿಲು ಗುದ್ದುವಂತಿತ್ತು. ಚಾಂದ್‌ಬೀಗೆ ಏನೆಂದು ಪೂರ್ತಿ ಅರ್ಥವಾಗಲಿಲ್ಲ. ಸೆರಗು ಮಾತ್ರ ತಲೆತುಂಬ ಎಳೆದುಕೊಂಡಳು.

"ಬರೀರಿ, ಅವಗ ಏನೂ ಕಾಣಂಗಿಲ್ಲ" ಎಂದಳು ಯಮನಮ್ಮ.

ಮೈಮುನಾಬಿ ಬರೆದು ಮುಗಿಸಿದಳು.

ಮೂರನೆಯ ದಿನ ಬೆಳಿಗ್ಗೆ ಸಿಂಧನೂರಿನ ಬಸ್ಸಿನಿಂದ ಜಿಲಾನಿ ಇಳಿದು ಬಂದ. ಯಾರೂ ಕರೆದಿರಲಿಲ್ಲ. ಅವನಮ್ಮ ಕೊಟ್ಟಳೆಂದು ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ತಂದಿದ್ದ. ಖಾಲಾನ ಕ್ಷೇಮ ಕೇಳಿದ. ಕೇಳುತ್ತಲೇ ಅವನ ಕಣ್ಣು ಮಷೀನಿನ ಕಡೆ ಹೋಗಿ, ಪಕ್ಕದ ಹಳೆ ಡಬ್ಬದ ಮೇಲೆ ನಿಂತಿತು.

"ಇದೇನಿದು?"

"ಯಮನಮ್ಮಂದು. ಜಾಗ ಇಲ್ಲಂತ ಇಲ್ಲಿಟ್ಟಾಳ."

ಅವನು ಬಗ್ಗಿ ಕೇಬಲ್ಲು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ನೋಡಿದ. "ಇದರಿಂದನ ನಿನ್ನ ಮಷೀನ್ ಕೆಡತೈತಿ ಖಾಲಾ. ತಗದುಬಿಡ್ತೀನಿ" ಎಂದು ಕೈ ಹಾಕಿದ.

"ಕೆಟ್ಟಿಲ್ಲಲ್ಲ."

"ಕೆಟ್ಟಿಲ್ಲಂದ್ರ? ನಿನ್ನೆ ಸಂಜೀಕ ನೀ ಲೈನಿನ್ಯಾಗಿದ್ದಿ, ಆದ್ರ..." ಅಲ್ಲಿಗೆ ಅವನು ನಿಂತ.

ಒಳಗೆ ಅವಿತಿದ್ದ ಪ್ರೋಗ್ರಾಮು, ಈಕೆ ಲೈನು ಹಿಡಿದ ಕೂಡಲೇ ಅವನಿಗೆ ಸುದ್ದಿ ಕಳಿಸುತ್ತಿತ್ತು. ಒಳಗಿನಿಂದ ಹೊರಗೆ ಹೋಗುವುದನ್ನು ಕಾವಲು ತಡೆಯುತ್ತಿರಲಿಲ್ಲ. ಹಾಗಾಗಿ ಅವಳು ಮನೆಯಲ್ಲಿದ್ದಾಳೆಂದು ಅವನಿಗೆ ಗೊತ್ತು, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಇದನ್ನೆಲ್ಲ ಯಮನಮ್ಮ ಆಮೇಲೆ ವಿವರಿಸಿದಳು. ಆ ಕ್ಷಣಕ್ಕೆ ಮೈಮುನಾಬಿಗೆ ತಿಳಿದದ್ದು ಒಂದೇ: ನಿನ್ನೆ ಸಂಜೆ ತಾನು ಲೈನಿನಲ್ಲಿದ್ದುದನ್ನು ಸಿಂಧನೂರಿನಲ್ಲಿದ್ದ ಇವನಿಗೆ ಯಾರೂ ಹೇಳಿಲ್ಲ.

ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಆದ್ರ ಏನು?" ಎಂದಳು. "ಹೇಳು. ಆದ್ರ ಏನು?"

"ಏನಿಲ್ಲ."

"ಚಾಂದ್‌ಬೀ ಅಳಾಕತ್ತಾಗ 'ಪಾಪ' ಅಂತ ಬರದಾಂವ ನೀನೇನು?"

ಜಿಲಾನಿ ನೆಲ ನೋಡಿದ. "ಒಂದು ಸಿ.ಡಿ.ಯಾಗ ಸಿಕ್ಕಿತ್ತು. ಆಟಕ್ಕ ಹಾಕಿ ನೋಡಿದ್ದೆ" ಎಂದ. "ಆಮ್ಯಾಗ ಬಿಡಾಕ ಆಗಲಿಲ್ಲ ಖಾಲಾ. ದಿನಾ ಸಂಜಿ ಆದ ಕೂಡ್ಲೇ ಓದಬೇಕು ಅನ್ನಿಸತಿತ್ತು."

"ಗದ್ದೆಮ್ಮನ ಮಾತು ಎಲ್ಲಿ ಹೇಳಿದಿ?"

"ಗೆಳೆಯಾರ ಮುಂದ. ಚಾ ಕುಡಿಯೋ ಮುಂದ. ನಗಾಕಂತ ಹೇಳಿದ್ದೆ."

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಹೊಸ್ತಿಲ ಮೇಲೆಯೇ ಕೂತಳು. ಗಂಡ ಸತ್ತಾಗ ಅಕ್ಕ ಬಡಿಸಿದ ಅನ್ನ, ಈ ಹುಡುಗ ಖಾಲಾ ಖಾಲಾ ಎಂದು ಹಿಂದೆ ತಿರುಗಿದ್ದು, ಎಲ್ಲ ಎದೆಗೆ ಬಂತು. ಇದನ್ನು ಇಲ್ಲಿಗೇ ಮುಚ್ಚಿಬಿಟ್ಟರೆ ಅಕ್ಕನ ಮಾನ ಉಳಿಯುತ್ತದೆ. ಗದ್ದೆಮ್ಮ ತವರಲ್ಲೇ ಉಳಿಯುತ್ತಾಳೆ.

"ನಡಿ" ಎಂದಳು. "ಮೊದಲು ಪಾರ್ವತೆಮ್ಮನ ಮನಿಗೆ, ಆಮ್ಯಾಗ ಗದ್ದೆಮ್ಮನ ತವರಿಗೆ. ನೀನ ನಿನ್ನ ಬಾಯಿಲೆ ಹೇಳಬೇಕು."

"ಅವರಣ್ಣ ನನ್ನ ಕಡಿತಾನ ಖಾಲಾ."

"ನಾ ಜತಿಗಿರ್ತೀನಿ."

ಪಾರ್ವತೆಮ್ಮ, ಗದ್ದೆಮ್ಮನ ಅತ್ತೆ, ಕುರಿ ಹಟ್ಟಿಯ ಮುಂದೆ ಕೂತು ಎಲ್ಲ ಕೇಳಿದಳು. ಎದ್ದು ಒಳಗೆ ಹೋದಳು. ಅಲ್ಲಿಂದ ಲಿಂಗಸುಗೂರಿಗೆ ಬಸ್ಸು; ಅಲ್ಲಿ ಯಮನಮ್ಮನೂ ಜೊತೆಯಾದಳು. ಗದ್ದೆಮ್ಮನ ಅಣ್ಣ ಹೊನ್ನೂರಪ್ಪ ಮಾತು ಅರ್ಧ ಕೇಳುವಷ್ಟರಲ್ಲಿ ಮೂಲೆಯಲ್ಲಿದ್ದ ಬಡಿಗೆ ತೆಗೆದುಕೊಂಡ. ಮೈಮುನಾಬಿ ನಡುವೆ ಬಂದು ನಿಂತಳು.

"ಸರೀರಿ ನೀವು" ಎಂದ ಅವನು.

"ಸರಿಯಂಗಿಲ್ಲಪ್ಪ. ನನ್ನ ಮನಿಯಿಂದ ಹೊರಬಿದ್ದ ಮಾತಿದು. ಮೊದಲಿನ ಏಟು ನನಗ ಬೀಳಲಿ."

ಒಳಗಿನಿಂದ ಗದ್ದೆಮ್ಮನ ದನಿ ಬಂತು. "ಬಿಡಣ್ಣ. ಹೊಡದ್ರ ಊರಿಗೆ ಇನ್ನೊಂದು ಸುದ್ದಿ ಆಗತೈತಿ. ಒಂದು ಸಾಕು."

ಬಡಿಗೆ ಕೆಳಗಿಳಿಯಿತು. ಗದ್ದೆಮ್ಮ ಹೊರಬಂದು ಜಿಲಾನಿಯ ಕಡೆ ತಿರುಗಿಯೂ ನೋಡಲಿಲ್ಲ. ಮೈಮುನಾಬಿಗೆ ಹೇಳಿದಳು: "ನೀ ಹೇಳಿಲ್ಲಂತ ಈಗ ತಿಳೀತು. ಆದ್ರ ನಿನ್ನ ಮನಿ ಕೀಲಿ ಅವನ ಕೈಗೆ ಕೊಟ್ಟಾಕಿ ನೀನ. ನಾ ಇನ್ನ ನಿನ್ನ ಕಡೆ ಬರಸಂಗಿಲ್ಲ."

"ಬ್ಯಾಡ" ಎಂದಳು ಮೈಮುನಾಬಿ.

ಮರುವಾರ ಸಿಂಧನೂರಿನಿಂದ ಹುಸೇನ್‌ಬೀಯ ಫೋನು ಬಂತು. "ಹಟ್ಟಿ ಮಂದಿ ಮುಂದ ನನ್ನ ಮಗನ ತಲಿ ತಗ್ಗಿಸಿದಿ" ಎಂದು ಇಟ್ಟುಬಿಟ್ಟಳು. ಆಮೇಲೆ ಅಕ್ಕ ತಂಗಿ ನಡುವೆ ಮಾತು ನಿಂತಿತು. ಜಿಲಾನಿಯನ್ನು ಕ್ಲಾಸಿನಿಂದ ತೆಗೆದರು. ಹೊಸಪೇಟೆಯ ಕಡೆ ಎಲ್ಲೋ ಕೆಲಸಕ್ಕೆ ಹೋದನೆಂದು ಬೇರೆಯವರಿಂದ ತಿಳಿಯಿತು. ಹೈದರಾಬಾದಿನಿಂದ ಸಿ.ಡಿ. ಬಂದು ಯಮನಮ್ಮ ಮಷೀನನ್ನು ಪೂರ್ತಿ ತೊಳೆದು ಹೊಸದಾಗಿ ಹಾಕಿದಳು. ಹಳೆ ಡಬ್ಬವನ್ನು ಮಾತ್ರ ಅಲ್ಲೇ ಇಟ್ಟರು.

ಚಾಂದ್‌ಬೀಯ ಗಂಡ ಆಪರೇಷನ್ ಆಗಿ, ಮಳೆಗಾಲದಲ್ಲಿ ಊರಿಗೆ ಬಂದ. ಬಹಳ ಇಳಿದು ಹೋಗಿದ್ದ, ಆದರೆ ನಡೆದೇ ಬಂದ. ಅವಳು ಓಣಿಯಲ್ಲಿ ಎಲ್ಲರ ಮುಂದೆ ನಡೆದದ್ದನ್ನು ಹೇಳಿದಳು. ಒಬ್ಬಿಬ್ಬರು ಮತ್ತೆ ಬರತೊಡಗಿದರು. ಕೆಲವರು ಬರಲೇ ಇಲ್ಲ.

ಆಗಸ್ಟಿನ ಒಂದು ದಿನ, ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿನಲ್ಲಿ, ಕಂಬಳಿ ಹೊದ್ದ ಮುದುಕಿಯೊಬ್ಬಳು ಬಂದು ಕಟ್ಟೆಯ ಮೇಲೆ ಕೂತಳು. ಪಾರ್ವತೆಮ್ಮ. ಮೈಮುನಾಬಿ ನೀರು ತಂದು ಕೊಟ್ಟು ಎದುರಿಗೆ ನಿಂತಳು.

"ನಮ್ಮ ಮಾಳಿಂಗನಿಗೆ ಒಂದು ಮಾತು ಬರೀಬೇಕಾಗಿತ್ತವ್ವ" ಎಂದಳು ಮುದುಕಿ.

"ಒಳಗ ಬರ್ರಿ ಪಾರ್ವತೆಮ್ಮಾರ."

ಕುರ್ಚಿಯ ತುದಿಯಲ್ಲಿ ಕೂತ ಪಾರ್ವತೆಮ್ಮ ಎರಡೂ ಮಷೀನುಗಳನ್ನು ಒಂದೊಂದಾಗಿ ನೋಡಿದಳು. "ಇದು ನನ್ನ ಮಗಗ ಬಿಟ್ಟು ಬ್ಯಾರೆ ಯಾರಿಗೂ ಮುಟ್ಟಂಗಿಲ್ಲ, ಹೌದಿಲ್ಲ?"

ಮೈಮುನಾಬಿ ತಕ್ಷಣ ಹೌದು ಎನ್ನಲಿಲ್ಲ. "ನನ್ನ ಕೈಲಾದಷ್ಟು ಕಾವಲು ಇಟ್ಟೀನ್ರಿ. ಅದನ್ನ ದಾಟಿ ಯಾರೂ ಬಂದಿಲ್ಲ ಇಲ್ಲೀತನಕ. ಅದಕ್ಕಿಂತ ಹೆಚ್ಚಿಂದು ನನಗ ಗೊತ್ತಿಲ್ಲ" ಎಂದಳು.

ಮುದುಕಿ ಕುರ್ಚಿಯಲ್ಲಿ ಹಿಂದೆ ಸರಿದು ಕೂತಳು. ಆಮೇಲೆ, "ಬರಿ ಹಂಗಾದ್ರ" ಎಂದಳು. "ನಿನ್ನ ಹೆಂಡ್ತಿನ ಹೊರಗ ಹಾಕಿದ್ದು ತಪ್ಪಾತು ಅಂತ ಬರಿ. ನಾ ಹೋಗಿ ಕರದ್ರ ಆಕಿ ಬರಂಗಿಲ್ಲ. ನೀ ಒಂದು ಮಾತು ಹೇಳಪ್ಪ ಅಂತ ಬರಿ. ಹುಡುಗ್ಯಾರಿಲ್ದ ಮನಿ ಬಣಬಣ ಅನ್ನಾಕತ್ತೈತಿ."

ಮೈಮುನಾಬಿ ಮೋಡೆಮ್ಮಿನ ಗುಂಡಿ ಒತ್ತಿದಳು. ಅದು ಕೀಚಲು ಸದ್ದು ಮಾಡಿ ಲೈನು ಹಿಡಿಯಿತು. ಆಮೇಲೆ ಅವಳು, ಮುದುಕಿ ಹೇಳಿದಂತೆಯೇ, ಒಂದು ಅಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಬರೆಯತೊಡಗಿದಳು.